ಹಳೆಯ ಡಚ್ ಭೂಪಟಗಳು: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಹದಿನಾರು, ಹದಿನೇಳನೇ ಶತಮಾನದ ಡಚ್ ಭೂಪಟ ಕಣ್ಣಿಗೆ ಬಿದ್ದರೆ ಮೊದಲು ಮನಸೋಲುವುದು ಅದರ ಚೆಲುವಿಗೆ. ಸಮುದ್ರದ ತುಂಬ ಹಡಗು, ತಿಮಿಂಗಿಲ, ಮೂಲೆಯಲ್ಲಿ ಹೂಬಳ್ಳಿಯ ಚೌಕಟ್ಟು. ಅದನ್ನು ಬರೆದವರು ಯಾರು, ಕೊಂಡವರು ಯಾರು, ಬಚ್ಚಿಟ್ಟವರು ಯಾರು ಎಂದು ಹುಡುಕುತ್ತ ಹೋದರೆ ಒಂದು ದೇಶ ಹುಟ್ಟಿದ ಕಥೆಯೇ ಬಿಚ್ಚಿಕೊಳ್ಳುತ್ತದೆ. ಈ ವಿಷಯದಲ್ಲಿ ಆಸಕ್ತಿ ಇರುವವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಡಚ್ ಭೂಪಟ ಎಂದರೆ ಯಾವ ಕಾಲದ್ದು?

ಸುಮಾರು 1570ರಿಂದ 1670ರವರೆಗಿನ ನೂರು ವರ್ಷ. 1570ರಲ್ಲಿ ಆಂಟ್ವರ್ಪ್‌ನಲ್ಲಿ ಅಬ್ರಹಾಂ ಆರ್ಟೇಲಿಯಸ್ ಒಂದೇ ಅಳತೆಯ ಭೂಪಟಗಳನ್ನು ಒಟ್ಟಿಗೆ ಹೊಲಿದು ಪುಸ್ತಕ ಮಾಡಿದ. ನಾವು ಇಂದು ಅಟ್ಲಾಸ್ ಎನ್ನುವ ಪುಸ್ತಕದ ಮೊದಲ ರೂಪ ಅದು. 1672ರ ಫೆಬ್ರವರಿಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಬ್ಲೌ ಮನೆತನದ ಅಚ್ಚುಕೂಟ ಬೆಂಕಿಗೆ ಬಿತ್ತು. ಆಮೇಲೂ ಅಲ್ಲಿ ಭೂಪಟ ಅಚ್ಚಾದವು, ಆದರೆ ಮೊದಲಿನ ಆ ತೇಜಸ್ಸು ಮರಳಲಿಲ್ಲ.

ಮರ್ಕೇಟರ್, ಆರ್ಟೇಲಿಯಸ್ ಇಬ್ಬರೂ ಇಂದಿನ ಬೆಲ್ಜಿಯಂನವರಲ್ಲವೇ? ಅವರನ್ನು ಡಚ್ಚರು ಅನ್ನಬಹುದೇ?

ಈ ಪ್ರಶ್ನೆಗೆ ಒಂದು ಮಾತಿನ ಉತ್ತರವಿಲ್ಲ. ಆಗ ನೆದರ್ಲ್ಯಾಂಡ್ಸ್, ಬೆಲ್ಜಿಯಂ ಎಂಬ ಎರಡು ದೇಶಗಳೇ ಇರಲಿಲ್ಲ. ಹದಿನೇಳು ಪ್ರಾಂತ್ಯಗಳು ಸ್ಪೇನ್ ದೊರೆಯ ಕೈಕೆಳಗಿದ್ದವು. 1512ರಲ್ಲಿ ಹುಟ್ಟಿದ ಮರ್ಕೇಟರ್ ಫ್ಲಾಂಡರ್ಸ್‌ನವನು. 1544ರಲ್ಲಿ ಧರ್ಮದ್ರೋಹದ ಆಪಾದನೆ ಹೊತ್ತು ಏಳು ತಿಂಗಳು ಸೆರೆಯಲ್ಲಿದ್ದ. ಮುಂದೆ ಜರ್ಮನ್ ಸೀಮೆಯ ಡೂಯಿಸ್‌ಬರ್ಗ್‌ಗೆ ಹೋಗಿ ನೆಲೆಸಿ, ಅಲ್ಲೇ 1569ರ ಹೆಸರಾಂತ ಜಗತ್ತಿನ ಭೂಪಟವನ್ನು ಅಚ್ಚು ಹಾಕಿಸಿದ. ಆರ್ಟೇಲಿಯಸ್ ಕಡೆಯವರೆಗೂ ಆಂಟ್ವರ್ಪ್ ಬಿಟ್ಟವನಲ್ಲ, ಸ್ಪೇನ್ ದೊರೆಯಿಂದಲೇ ಭೂಗೋಳಜ್ಞ ಎಂಬ ಪದವಿ ಪಡೆದವನು. ಹೀಗಾಗಿ ಬೇರು ದಕ್ಷಿಣದ್ದು, ಫಲ ಉತ್ತರದ್ದು ಎನ್ನುವುದು ಹೆಚ್ಚು ಸರಿ.

ಹಾಗಾದರೆ ಈ ವಿದ್ಯೆ ಆಮ್‌ಸ್ಟರ್‌ಡ್ಯಾಮ್‌ಗೆ ಹೇಗೆ ಬಂತು?

ನಿರಾಶ್ರಿತರ ಜೋಳಿಗೆಯಲ್ಲಿ ಬಂತು. 1585ರಲ್ಲಿ ಸ್ಪೇನ್ ಸೈನ್ಯ ಆಂಟ್ವರ್ಪ್ ನಗರವನ್ನು ಗೆದ್ದಾಗ ಅಲ್ಲಿನ ಪ್ರಾಟೆಸ್ಟೆಂಟರು ಸಾವಿರಗಟ್ಟಲೆ ಉತ್ತರಕ್ಕೆ ಗುಳೆ ಹೋದರು. ವ್ಯಾಪಾರಿಗಳು ದುಡ್ಡನ್ನು ಒಯ್ದರೆ, ಕೆತ್ತನೆಗಾರರು, ಮುದ್ರಕರು, ಗಣಿತಜ್ಞರು ಕೈಯ ಕಸುಬನ್ನು ಒಯ್ದರು. ಪೆಟ್ರಸ್ ಪ್ಲಾನ್ಸಿಯಸ್ ಧರ್ಮಬೋಧಕ, ಜೊತೆಗೆ ಭೂಪಟಗಾರ. ಯೋಡೋಕಸ್ ಹೊಂಡಿಯಸ್ ಗೆಂಟ್‌ನಿಂದ ಲಂಡನ್‌ಗೆ ಓಡಿ, 1593ರಲ್ಲಿ ಆಮ್‌ಸ್ಟರ್‌ಡ್ಯಾಮ್ ಸೇರಿದ. 1604ರಲ್ಲಿ ಮರ್ಕೇಟರನ ತಾಮ್ರದ ತಗಡುಗಳನ್ನು ಕೊಂಡು, ಹೊಸವನ್ನು ಸೇರಿಸಿ, 1606ರಲ್ಲಿ ಅಟ್ಲಾಸ್ ಹೊರತಂದ. ಊರು ಕಳೆದುಕೊಂಡವರೇ ಮುಂದೆ ಇಡೀ ಭೂಮಿಯನ್ನು ಕಾಗದದ ಮೇಲೆ ಬರೆದರು. ಈ ಭೂಪಟಗಳ ಹಿಂದಿನ ಹಟ ಇಲ್ಲಿಂದಲೇ ಬಂದದ್ದು ಎಂದು ನಾನು ನಂಬಿದ್ದೇನೆ.

ಸಿಂಹದ ಆಕಾರದ ಭೂಪಟ ನೋಡಿದ್ದೇನೆ. ಅದು ತಮಾಷೆಗೆ ಬರೆದದ್ದೇ?

ತಮಾಷೆಗಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದಲು ಸಮಯವಿದ್ದರೆ ಇದನ್ನು ಓದಿ.

1583ರಲ್ಲಿ ಮಿಖಾಯೆಲ್ ಐಟ್ಸಿಂಗರ್ ಎಂಬ ಆಸ್ಟ್ರಿಯಾದವನು ಕಲೋನ್ ನಗರದಲ್ಲಿ ಹದಿನೇಳು ಪ್ರಾಂತ್ಯಗಳನ್ನೂ ಒಂದು ಸಿಂಹದ ಮೈಯೊಳಗೆ ಕೂರಿಸಿದ ಭೂಪಟ ಪ್ರಕಟಿಸಿದ. ಕೆತ್ತಿದವನು ಫ್ರಾನ್ಸ್ ಹೋಗೆನ್‌ಬರ್ಗ್. ಆ ಪ್ರಾಂತ್ಯಗಳಲ್ಲಿ ಹಲವಕ್ಕೆ ಸಿಂಹವೇ ಲಾಂಛನ, ಕರಾವಳಿಯ ಬಾಗು ಬೆನ್ನಿನಂತೆ ಒದಗಿತು. ಆದರೆ ವರ್ಷವನ್ನು ಗಮನಿಸಿ. ಎರಡು ವರ್ಷದ ಹಿಂದೆ, 1581ರಲ್ಲಷ್ಟೇ, ಉತ್ತರದ ಪ್ರಾಂತ್ಯಗಳು ಸ್ಪೇನ್ ದೊರೆ ಎರಡನೇ ಫಿಲಿಪ್‌ನನ್ನು ತಮ್ಮ ಒಡೆಯನಲ್ಲವೆಂದು ಸಾರಿದ್ದವು. ಯುದ್ಧ ನಡೆದೇ ಇತ್ತು, ಯಾವ ಊರು ಯಾರ ಪಾಲು ಎಂಬುದು ತಿಂಗಳಿಗೊಮ್ಮೆ ಬದಲಾಗುತ್ತಿತ್ತು. ನೆಲದ ಮೇಲೆ ಚೂರುಚೂರಾದದ್ದು ಕಾಗದದ ಮೇಲೆ ಒಂದೇ ಪ್ರಾಣಿಯಾಗಿ ಎದ್ದು ನಿಂತಿತ್ತು.

ಕ್ಲಾಸ್ ಯಾನ್ಸ್ ವಿಸ್ಸರ್ ಎಂಬ ಆಮ್‌ಸ್ಟರ್‌ಡ್ಯಾಮ್‌ನ ಭೂಪಟಗಾರ ಇದೇ ಸಿಂಹವನ್ನು ಹನ್ನೆರಡು ವರ್ಷಗಳ ಕದನವಿರಾಮದ ಕಾಲದಲ್ಲಿ, ಅಂದರೆ 1609ರಿಂದ 1621ರ ನಡುವೆ, ಮತ್ತೆ ಬರೆದ. ಈ ಸಿಂಹ ಕತ್ತಿಯನ್ನು ತಗ್ಗಿಸಿ ಹಿಡಿದಿದೆ. ಅದರ ಪಕ್ಕದಲ್ಲಿ ರಕ್ಷಾಕವಚ ತೊಟ್ಟ ಯೋಧನೊಬ್ಬ ಮಲಗಿದ್ದಾನೆ. ಅವನೇ ಯುದ್ಧ. ಸತ್ತಿಲ್ಲ, ನಿದ್ದೆ ಹೋಗಿದ್ದಾನೆ ಅಷ್ಟೆ. ಸುತ್ತಲ ಚಿತ್ರಗಳಲ್ಲಿ ನೆಮ್ಮದಿಯ ದಿನಗಳ ಬದುಕು ಸಾಗಿದೆ. ನೋಡಿದವರಿಗೆಲ್ಲ ಒಂದು ಮಾತು ತಿಳಿಯುತ್ತಿತ್ತು: ಮಲಗಿದವನು ಏಳಬಹುದು. 1621ರಲ್ಲಿ ಎದ್ದೇ ಎದ್ದ.

ಕೊನೆಗೆ 1648ರ ಮ್ಯೂನ್‌ಸ್ಟರ್ ಒಪ್ಪಂದದಲ್ಲಿ ಸ್ಪೇನ್ ಡಚ್ ಗಣರಾಜ್ಯವನ್ನು ಒಪ್ಪಿಕೊಂಡಿತು. ಅದೇ ವರ್ಷ ವಿಸ್ಸರ್ ಇನ್ನೊಂದು ಸಿಂಹ ಹೊರತಂದ. ಈ ಸಲ ಸಿಂಹದ ಮೈಯೊಳಗೆ ಹದಿನೇಳು ಪ್ರಾಂತ್ಯಗಳಿಲ್ಲ, ಹಾಲೆಂಡ್ ಒಂದೇ ಇದೆ. ಅರವತ್ತೈದು ವರ್ಷಗಳಲ್ಲಿ "ನಾವು" ಎಂಬ ಪದದ ಅರ್ಥ ಎಷ್ಟು ಕಿರಿದಾಯಿತು ಎಂಬುದನ್ನು ಈ ಎರಡು ಸಿಂಹಗಳನ್ನು ಅಕ್ಕಪಕ್ಕ ಇಟ್ಟರೆ ಕಾಣಬಹುದು.

ಇಷ್ಟು ಪುಟ್ಟ ದೇಶಕ್ಕೆ ಅಳತೆಯ ಹುಚ್ಚು ಎಲ್ಲಿಂದ ಹಿಡಿಯಿತು?

ಸಮುದ್ರಯಾನದಿಂದ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಉತ್ತರ ಬೇರೆ: ಕಾಲ ಕೆಳಗಿನ ನೀರಿನಿಂದ. ಹಾಲೆಂಡಿನ ಬಹಳಷ್ಟು ನೆಲ ಸಮುದ್ರಮಟ್ಟಕ್ಕಿಂತ ತಗ್ಗು. ಏರಿ ಕಟ್ಟಬೇಕು, ಕಾಲುವೆ ತೋಡಬೇಕು, ಯಾವ ಹೊಲದವರು ಎಷ್ಟು ಕರ ಕೊಡಬೇಕೆಂದು ಲೆಕ್ಕ ಹಾಕಬೇಕು. ಇದನ್ನು ನೋಡಿಕೊಳ್ಳಲು ನೀರು ಮಂಡಳಿಗಳಿದ್ದವು. ಡೆಲ್ಫ್‌ಲ್ಯಾಂಡ್, ರೈನ್‌ಲ್ಯಾಂಡ್ ಮಂಡಳಿಗಳು ಹದಿನೇಳನೇ ಶತಮಾನದ ಮೊದಲ ಹದಿನೈದು ವರ್ಷಗಳಲ್ಲೇ ತಮ್ಮ ಸೀಮೆಯ ದೊಡ್ಡ ಭೂಪಟಗಳನ್ನು ಮೋಜಣಿ ಮಾಡಿಸಿ ಅಚ್ಚು ಹಾಕಿಸಿದವು. ಆಮ್‌ಸ್ಟರ್‌ಡ್ಯಾಮ್‌ನ ಉತ್ತರಕ್ಕಿದ್ದ ಬೇಮ್‌ಸ್ಟರ್ ಎಂಬ ದೊಡ್ಡ ಸರೋವರವನ್ನು ಗಾಳಿಯಂತ್ರಗಳಿಂದ ಬತ್ತಿಸಿ 1612ಕ್ಕೆ ಹೊಲ ಮಾಡಿದರು. ನೀರು ಇಳಿದ ಮೇಲೆ ಎದ್ದ ಆ ನೆಲದಲ್ಲಿ ಹಳೆಯ ಹಾದಿ, ಹಳೆಯ ಗಡಿ ಯಾವುದೂ ಇಲ್ಲ. ಕಾಗದದ ಮೇಲೆ ಎಳೆದ ಚೌಕಗಳೇ ಹೊಲಗಳಾದವು, ಗೆರೆಗಳೇ ರಸ್ತೆಗಳಾದವು. ಇಂದಿಗೂ ಬೇಮ್‌ಸ್ಟರ್ ಹಾಗೇ ಇದೆ, 1999ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲೂ ಇದೆ.

ಆ ಕೆಲಸಕ್ಕೆ ಹಣ ಹೂಡಿದವರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಡರ್ಕ್ ಫಾನ್ ಓಸ್ ಕೂಡ ಒಬ್ಬ. ಸರೋವರ ಬತ್ತಿಸುವ ದುಡ್ಡೂ ಜಾವಾಕ್ಕೆ ಹಡಗು ಬಿಡುವ ದುಡ್ಡೂ ಒಂದೇ ಥೈಲಿಯಿಂದ ಬರುತ್ತಿತ್ತು.

ಅಳೆಯುವವರಿಗೆ ಈ ವಿದ್ಯೆ ಕಲಿಸುತ್ತಿದ್ದವರು ಯಾರು?

1600ರಲ್ಲಿ ಲೈಡನ್ ವಿಶ್ವವಿದ್ಯಾಲಯದಲ್ಲಿ ಮೋಜಣಿದಾರರಿಗೂ ಎಂಜಿನಿಯರುಗಳಿಗೂ ಒಂದು ಪಾಠಕ್ರಮ ಶುರುವಾಯಿತು. ಅದನ್ನು ರೂಪಿಸಿದವನು ಸಿಮೋನ್ ಸ್ಟೆವಿನ್. ಉಳಿದ ಪಾಠಗಳೆಲ್ಲ ಲ್ಯಾಟಿನ್‌ನಲ್ಲಿ ನಡೆಯುತ್ತಿದ್ದಾಗ ಇದು ಮಾತ್ರ ಊರಿನ ಮಾತಿನಲ್ಲಿ, ಡಚ್ಚಿನಲ್ಲಿ. ಗಣಿತಕ್ಕೆ ಸ್ಟೆವಿನ್ ತನ್ನ ನುಡಿಯಲ್ಲೇ ಪದಗಳನ್ನು ಕಟ್ಟಿದ. ಇವತ್ತಿಗೂ ಡಚ್ಚರು ಗಣಿತವನ್ನು "ವಿಸ್‌ಕುಂಡೆ" ಎನ್ನುತ್ತಾರೆ, ಖಚಿತವಾದುದರ ಅರಿವು ಎಂಬುದು ಅದರ ಮೂಲಾರ್ಥ. ಕನ್ನಡದಲ್ಲಿ ವಿಜ್ಞಾನ ಹೇಳಲು ಹೆಣಗುವ ನನ್ನಂಥವರಿಗೆ ಈ ಸಂಗತಿ ಓದಿದಾಗಲೆಲ್ಲ ಎದೆ ತುಂಬಿ ಬರುತ್ತದೆ. ಏರಿ ಕಟ್ಟುವವನಿಗೆ ಅರ್ಥವಾಗುವ ಮಾತಿನಲ್ಲಿ ಅವರು ಜ್ಯಾಮಿತಿ ಕಲಿಸಿದರು.

ಒಂದು ಭೂಪಟ ಅಚ್ಚಾಗುತ್ತಿದ್ದದ್ದು ಹೇಗೆ?

ತಾಮ್ರದ ತಗಡನ್ನು ಕನ್ನಡಿಯಂತೆ ನುಣುಪು ಮಾಡಿ, ಅದರ ಮೇಲೆ ಚೂಪಾದ ಉಳಿಯಿಂದ ಗೆರೆ ಕೊರೆಯಬೇಕು. ಎಲ್ಲವೂ ತಿರುಗುಮುರುಗು: ಅಕ್ಷರ ಬಲದಿಂದ ಎಡಕ್ಕೆ, ಎಡದ ಕರಾವಳಿ ಬಲಕ್ಕೆ. ಕೊರೆಯುವಾಗ ಉಳಿಗಿಂತ ಹೆಚ್ಚಾಗಿ ತಗಡನ್ನೇ ತಿರುಗಿಸುತ್ತಾರೆ, ಆಗಲೇ ನದಿಯ ಬಾಗು ನಯವಾಗಿ ಬರುವುದು. ಆಮೇಲೆ ತಗಡನ್ನು ತುಸು ಬಿಸಿ ಮಾಡಿ ಶಾಯಿ ತುಂಬಿ, ಮೇಲ್ಮೈಯನ್ನು ಬಟ್ಟೆಯಿಂದಲೂ ಅಂಗೈಯಿಂದಲೂ ಒರೆಸುತ್ತಾರೆ. ಗೆರೆಯ ಗುಳಿಯಲ್ಲಿ ಮಾತ್ರ ಶಾಯಿ ಉಳಿಯುತ್ತದೆ. ಒದ್ದೆ ಕಾಗದ ಹಾಸಿ, ಎರಡು ಉರುಳೆಗಳ ನಡುವೆ ತೂರಿಸಿದರೆ ಕಾಗದ ಗುಳಿಯೊಳಗಿನ ಶಾಯಿಯನ್ನು ಹೀರಿಕೊಳ್ಳುತ್ತದೆ. ಹಳೆಯ ಭೂಪಟದ ಅಂಚಿನಲ್ಲಿ ಬೆರಳಾಡಿಸಿದರೆ ತಗಡು ಒತ್ತಿದ ತಗ್ಗು ಇನ್ನೂ ಸಿಗುತ್ತದೆ. ಬಣ್ಣ ಹಚ್ಚುವುದು ಕೈಯಿಂದ, ಅದು ಬೇರೆಯದೇ ಕಸುಬು. ತಾಮ್ರದ ಕಿಲುಬಿನಿಂದ ಮಾಡಿದ ಹಸಿರು ಬಣ್ಣ ಕಾಲಕ್ರಮದಲ್ಲಿ ಕಾಗದವನ್ನೇ ತಿನ್ನುತ್ತದೆ, ಎಷ್ಟೋ ಅಟ್ಲಾಸುಗಳಲ್ಲಿ ಕಾಡು ಇದ್ದ ಕಡೆ ಈಗ ಕಂದು ಬಿರುಕು.

ಒಂದು ತಗಡು ದಶಕಗಟ್ಟಲೆ ದುಡಿಯುತ್ತಿತ್ತು, ಮಾರಾಟವೂ ಆಗುತ್ತಿತ್ತು. 1629ರಲ್ಲಿ ವಿಲ್ಲೆಮ್ ಬ್ಲೌ ಹೊಂಡಿಯಸ್ ಮನೆತನದ ಸುಮಾರು ನಲವತ್ತು ತಗಡುಗಳನ್ನು ಕೊಂಡು, ಅದರಲ್ಲಿದ್ದ ಹೆಸರು ಅಳಿಸಿ ತನ್ನ ಹೆಸರು ಕೆತ್ತಿಸಿದ. ಹೊಂಡಿಯಸ್ ಮನೆತನದ ಇತರರು ಮತ್ತು ಯಾನ್ಸೋನಿಯಸ್ ಎಂಬ ಪ್ರಕಾಶಕನ ಜೊತೆ ಬ್ಲೌ ಮನೆತನದ ಪೈಪೋಟಿ ತಲೆಮಾರು ದಾಟಿ ನಡೆಯಿತು.

ಮನೆಯ ಗೋಡೆಗೆ ಭೂಪಟ ತೂಗುಹಾಕುತ್ತಿದ್ದರಂತೆ, ನಿಜವೇ?

ನಿಜ, ಅದಕ್ಕೆ ಸಾಕ್ಷಿ ವರ್ಮೀರ್ ಎಂಬ ಚಿತ್ರಕಾರ. ನಗುತ್ತಿರುವ ಹುಡುಗಿ ಮತ್ತು ಸೈನಿಕನ ಚಿತ್ರದಲ್ಲಿ, ನೀಲಿ ಅಂಗಿಯ ಹೆಂಗಸು ಕಾಗದ ಓದುವ ಚಿತ್ರದಲ್ಲಿ, ಎರಡರಲ್ಲೂ ಹಿಂದಿನ ಗೋಡೆಯ ಮೇಲೆ ಒಂದೇ ಭೂಪಟವಿದೆ: 1620ರಲ್ಲಿ ಬಾಲ್ತಸಾರ್ ಫ್ಲೋರಿಸ್ ಫಾನ್ ಬರ್ಕೆನ್‌ರೋಡ್ ರಚಿಸಿ, ಬ್ಲೌ ಪ್ರಕಟಿಸಿದ ಹಾಲೆಂಡ್ ಮತ್ತು ಪಶ್ಚಿಮ ಫ್ರೀಸ್‌ಲ್ಯಾಂಡಿನ ಭೂಪಟ. ಅದರಲ್ಲಿ ಪಶ್ಚಿಮ ದಿಕ್ಕು ಮೇಲಿದೆ. ಸೈನಿಕನ ಚಿತ್ರದಲ್ಲಿ ನೆಲ ನೀಲಿ, ಸಮುದ್ರ ಕಂದು, ಹೀಗಾಗಿ ಮೊದಲ ಸಲ ನೋಡಿದವರು ನೀರನ್ನೇ ನೆಲವೆಂದುಕೊಳ್ಳುತ್ತಾರೆ.

ನನಗೆ ಇನ್ನೂ ಹೆಚ್ಚು ಕಾಡಿದ್ದು ವಿಯೆನ್ನಾದಲ್ಲಿರುವ ಅವನ "ಚಿತ್ರಕಲೆ" ಎಂಬ ಚಿತ್ರ. ಅದರ ಗೋಡೆಯ ತುಂಬ ವಿಸ್ಸರನ ಹದಿನೇಳು ಪ್ರಾಂತ್ಯಗಳ ಭೂಪಟ ಹರಡಿದೆ. ಆ ಚಿತ್ರ ಬರೆದಾಗ 1648ರ ಒಪ್ಪಂದ ಮುಗಿದು ಹತ್ತಾರು ವರ್ಷ ಕಳೆದಿತ್ತು, ಹದಿನೇಳು ಪ್ರಾಂತ್ಯಗಳು ಎರಡಾಗಿ ಒಡೆದು ಹೋಗಿದ್ದವು. ಭೂಪಟದ ನಡುವೆ ಮೇಲಿಂದ ಕೆಳಕ್ಕೆ ಒಂದು ಮಡಿಕೆಯ ಗೆರೆ ಇದೆ. ಅದು ಉತ್ತರ ದಕ್ಷಿಣಗಳ ನಡುವಿನ ಬಿರುಕು ಎಂದು ಕೆಲವು ಕಲಾವಿಮರ್ಶಕರು ಓದುತ್ತಾರೆ. ಹಳೆಯ ಭೂಪಟದ ಬರೀ ಸುಕ್ಕು ಎನ್ನುವವರೂ ಇದ್ದಾರೆ. ಅಷ್ಟು ಎಚ್ಚರದಿಂದ ಬೆಳಕನ್ನು ಬಿಡಿಸಿದವನು ಆ ಮಡಿಕೆಯನ್ನು ಅಲ್ಲಿ ಸುಮ್ಮನೆ ಇಟ್ಟಿರಲಾರ ಎಂಬುದು ನನ್ನ ಎಣಿಕೆ.

ಊರ ಸಭಾಭವನದ ನೆಲದ ಮೇಲೂ ಭೂಪಟ ಇತ್ತೇ?

ಇತ್ತು, ಈಗಲೂ ಇದೆ. ಆಮ್‌ಸ್ಟರ್‌ಡ್ಯಾಮ್‌ನ ಪುರಭವನ 1655ರಲ್ಲಿ ಉದ್ಘಾಟನೆಯಾಯಿತು, ಇಂದು ಅದು ಅರಮನೆ. ನಾಗರಿಕರ ಸಭಾಂಗಣದ ಅಮೃತಶಿಲೆಯ ನೆಲದಲ್ಲಿ ಭೂಮಿಯ ಎರಡು ಅರ್ಧಗೋಳಗಳು, ನಡುವೆ ಆಕಾಶದ ಪಟ. ದೊರೆಯಿಲ್ಲದ ಗಣರಾಜ್ಯದಲ್ಲಿ ಮೀನು ಮಾರುವವನೂ ಜಗತ್ತಿನ ಮೇಲೆ ನಡೆದಾಡಬಹುದಿತ್ತು.

ಕಂಪನಿ ಭೂಪಟಗಳನ್ನು ಬಚ್ಚಿಡುತ್ತಿತ್ತಂತೆ. ಅಂಗಡಿಯಲ್ಲಿ ಮಾರುತ್ತಿದ್ದದ್ದು ಯಾವುದು ಮತ್ತೆ?

ಡಚ್ ಈಸ್ಟ್ ಇಂಡಿಯಾ ಕಂಪನಿ 1602ರಲ್ಲಿ ಹುಟ್ಟಿತು. ಅದಕ್ಕೆ ತನ್ನದೇ ಭೂಪಟಗಾರ ಇದ್ದ. 1617ರಿಂದ ಹೆಸ್ಸೆಲ್ ಗೆರಿಟ್ಸ್, 1633ರಿಂದ ವಿಲ್ಲೆಮ್ ಬ್ಲೌ, 1638ರಿಂದ ಅವನ ಮಗ ಯೋವಾನ್ ಬ್ಲೌ. ಹಡಗು ಹೊರಡುವಾಗ ಚರ್ಮದ ಮೇಲೆ ಕೈಯಿಂದ ಬರೆದ ಪಟಗಳನ್ನು ನಾವಿಕರಿಗೆ ಕೊಡುತ್ತಿದ್ದರು. ಮರಳಿ ಬಂದಾಗ ಅವನ್ನು ಒಪ್ಪಿಸಬೇಕು, ಯಾತ್ರೆಯಲ್ಲಿ ಕಂಡ ಹೊಸ ಬಂಡೆ, ಹೊಸ ಕೊಲ್ಲಿಯ ವಿವರವನ್ನೂ ಕೊಡಬೇಕು. ಆ ವಿವರಗಳಿಂದ ಮೂಲಪಟವನ್ನು ತಿದ್ದುತ್ತಿದ್ದರು.

ಇಲ್ಲೊಂದು ಇಕ್ಕಟ್ಟಿದೆ. ಬ್ಲೌ ಒಂದು ಕೈಯಲ್ಲಿ ಕಂಪನಿಯ ಗುಟ್ಟು ಕಾಯುವವನು, ಇನ್ನೊಂದು ಕೈಯಲ್ಲಿ ಯೂರೋಪಿಗೆಲ್ಲ ಅಟ್ಲಾಸ್ ಮಾರುವವನು. ಹೀಗಾಗಿ ಅವನ ಸಿರಿವಂತ ಅಟ್ಲಾಸಿನ ಏಷ್ಯಾದ ಪುಟಗಳು ಅವನ ಮೇಜಿನ ಮೇಲಿದ್ದ ಚರ್ಮದ ಪಟಗಳಿಗಿಂತ ಎಷ್ಟೋ ವರ್ಷ ಹಿಂದುಳಿದಿರುತ್ತಿದ್ದವು. ದುಬಾರಿ ಪುಸ್ತಕ ಕೊಂಡವನಿಗೆ ಹಳೆಯ ಸುದ್ದಿ, ಹಡಗಿನ ಚುಕ್ಕಾಣಿ ಹಿಡಿದವನಿಗೆ ಹೊಸ ಸುದ್ದಿ.

ಪೋರ್ಚುಗೀಸರ ಗುಟ್ಟನ್ನು ಡಚ್ಚರು ಗೋವೆಯಿಂದ ಕದ್ದರು ಎನ್ನುತ್ತಾರೆ. ಹೇಗೆ?

ಯಾನ್ ಹೌಖೆನ್ ಫಾನ್ ಲಿನ್‌ಸ್ಖೋಟೆನ್ ಎಂಬ ಡಚ್ ಯುವಕ 1583ರಲ್ಲಿ ಗೋವೆಗೆ ಬಂದು ಅಲ್ಲಿನ ಆರ್ಚ್‌ಬಿಷಪ್ಪರ ಕಾರ್ಯದರ್ಶಿಯಾಗಿ ಐದು ವರ್ಷ ಇದ್ದ. ದಾರಿಗಳು, ಮಾರುತಗಳು, ಬಂದರುಗಳು, ಬೆಲೆಗಳು, ಎಲ್ಲವನ್ನೂ ಬರೆದಿಟ್ಟುಕೊಂಡ. 1595–96ರಲ್ಲಿ ಆ ಬರಹ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾಯಿತು. ಪ್ರಕಾಶಕ ಕಾರ್ನೆಲಿಸ್ ಕ್ಲಾಸ್. ಗೋವಾ ನಗರದ ಬೀದಿಬೀದಿಯನ್ನೂ ತೋರಿಸುವ ಭೂಪಟ ಅದರಲ್ಲಿದೆ. ಅತ್ತ ಪ್ಲಾನ್ಸಿಯಸ್ ಇದೇ ಕ್ಲಾಸ್ ಮೂಲಕ ಬಾರ್ತೊಲೊಮೆವ್ ಲಾಸ್ಸೊ ಎಂಬ ಪೋರ್ಚುಗೀಸ್ ಭೂಪಟಗಾರನ ಪಟಗಳನ್ನು ಪಡೆದಿದ್ದ. 1595ರಲ್ಲಿ ಕಾರ್ನೆಲಿಸ್ ಡಿ ಹೌಟ್‌ಮನ್ ಜಾವಾಕ್ಕೆ ಹೊರಟಾಗ ದಾರಿ ತೋರಿಸಿದ್ದು ಈ ಕಾಗದಗಳೇ.

ಸಂಬಾರ ಪದಾರ್ಥಗಳ ಭೂಪಟ ಎಂದರೆ ಯಾವುದು?

1594ರ ಸುಮಾರಿಗೆ ಪ್ಲಾನ್ಸಿಯಸ್ ಬರೆದ, ಇಂದಿನ ಇಂಡೊನೇಷ್ಯಾದ ಮಲುಕು ದ್ವೀಪಗಳ ಭೂಪಟ. ಅದರ ಕೆಳಗಡೆ ದೊಡ್ಡದಾಗಿ ಜಾಯಿಕಾಯಿ, ಲವಂಗ, ಗಂಧದ ಚಿತ್ರಗಳಿವೆ. ಯಾವ ಮಾಲಿಗೆ ಯಾವ ದಿಕ್ಕಿಗೆ ಹೋಗಬೇಕೆಂದು ಹೇಳುವ, ವ್ಯಾಪಾರಿಗೆಂದೇ ಮಾಡಿದ ಭೂಪಟ ಅದು. ಮನುಷ್ಯರಿಗಿಂತ ಕಾಯಿಗಳೇ ಅಲ್ಲಿ ಎದ್ದು ಕಾಣುತ್ತವೆ.

ಜಾಯಿಕಾಯಿ ಆಗ ಬೆಳೆಯುತ್ತಿದ್ದದ್ದು ಬಾಂಡಾ ಎಂಬ ಪುಟ್ಟ ದ್ವೀಪಗಳಲ್ಲಿ ಮಾತ್ರ. 1621ರಲ್ಲಿ ಯಾನ್ ಪೀಟರ್ಸೂನ್ ಕೂನ್ ಮುಂದಾಳುತನದಲ್ಲಿ ಕಂಪನಿಯ ಸೈನ್ಯ ಬಾಂಡಾದ ಬಹುಪಾಲು ಜನರನ್ನು ಕೊಂದಿತು, ಹಸಿವಿಗೆ ದೂಡಿತು, ಗುಲಾಮರಾಗಿ ಸಾಗಿಸಿತು. ಆ ಭೂಪಟ ನನಗೆ ಇಷ್ಟ, ಅದರ ಗೆರೆ ಅಷ್ಟು ಚೆಲುವು. ಆದರೆ ಅದನ್ನು ನೋಡುವಾಗ 1621ನ್ನು ಪಕ್ಕಕ್ಕೆ ಇಟ್ಟು ನೋಡಲು ನನ್ನಿಂದ ಆಗುವುದಿಲ್ಲ, ಆಗಲೂಬಾರದು.

ಅಂಚಿನಲ್ಲಿರುವ ಮನುಷ್ಯರ ಚಿತ್ರಗಳು ಬರೀ ಅಲಂಕಾರವೇ?

ಅಲ್ಲ. ಆರ್ಟೇಲಿಯಸ್‌ನ 1570ರ ಪುಸ್ತಕದ ಮುಖಪುಟದಲ್ಲೇ ಯೂರೋಪ್ ಕಿರೀಟ ತೊಟ್ಟು ಮೇಲೆ ಕೂತಿದ್ದಾಳೆ. ಏಷ್ಯಾ, ಆಫ್ರಿಕಾ ಅತ್ತಿತ್ತ ನಿಂತಿದ್ದಾರೆ. ಅಮೆರಿಕ ಬೆತ್ತಲೆಯಾಗಿ ಕೆಳಗೆ, ಕೈಯಲ್ಲಿ ಕಡಿದ ತಲೆ. ಪುಸ್ತಕ ತೆರೆಯುವ ಮೊದಲೇ ಯಾರು ಮೇಲು, ಯಾರು ಕೀಳು ಎಂದು ಓದುಗನಿಗೆ ಹೇಳಿಯಾಯಿತು. ಅದೇ ಆರ್ಟೇಲಿಯಸ್ ತಾನು ಬಳಸಿದ ಭೂಪಟಗಳನ್ನು ಬರೆದವರ ಹೆಸರುಗಳ ಪಟ್ಟಿಯನ್ನೂ ಪುಸ್ತಕದಲ್ಲಿ ಕೊಟ್ಟ. ಆ ಕಾಲಕ್ಕೆ ಅದು ದೊಡ್ಡತನ. ಎರಡೂ ಒಬ್ಬನೇ ಮಾಡಿದ್ದು.

ಹೆಸರಿಡುವುದಕ್ಕೂ ರಾಜಕೀಯಕ್ಕೂ ಏನು ನಂಟು?

1614ರಲ್ಲಿ ಡಚ್ ನಾವಿಕ ಆಡ್ರಿಯಾನ್ ಬ್ಲಾಕ್‌ನ ಯಾತ್ರೆಯ ಭೂಪಟದಲ್ಲಿ ಉತ್ತರ ಅಮೆರಿಕದ ಒಂದು ಕರಾವಳಿಗೆ "ಹೊಸ ನೆದರ್ಲ್ಯಾಂಡ್" ಎಂಬ ಹೆಸರು ಮೊದಲ ಬಾರಿ ಬಂತು. ನೆಲೆ ಊರುವ ಮೊದಲೇ ಹೆಸರು ಊರಿತು. 1664ರಲ್ಲಿ ಇಂಗ್ಲಿಷರು ಅದನ್ನು ಕಿತ್ತುಕೊಂಡ ಮೇಲೂ ಇಂದಿನ ನ್ಯೂಯಾರ್ಕ್‌ನಲ್ಲಿ ಬ್ರೂಕ್ಲಿನ್, ಹಾರ್ಲೆಮ್ ಉಳಿದಿವೆ, ಎರಡೂ ಡಚ್ ಊರುಗಳ ಹೆಸರು. ನ್ಯೂಜಿಲೆಂಡ್ ಎಂಬ ಹೆಸರಿನಲ್ಲಿರುವುದೂ ಝೀಲ್ಯಾಂಡ್ ಎಂಬ ಡಚ್ ಪ್ರಾಂತ್ಯವೇ. ಆ ನೆಲಗಳಿಗೆ ಅಲ್ಲಿನ ಜನ ಇಟ್ಟ ಹೆಸರುಗಳು ಮೊದಲೇ ಇದ್ದವು.

ದೊರೆಗಳಿಗೆ ಅಟ್ಲಾಸ್ ಉಡುಗೊರೆ ಕೊಡುತ್ತಿದ್ದದ್ದು ಯಾಕೆ?

1660ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ವ್ಯಾಪಾರಿಗಳ ಪರವಾಗಿ ಯೋಹಾನೆಸ್ ಕ್ಲೆಂಕೆ ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ಗೆ ಒಂದು ಅಟ್ಲಾಸ್ ಕೊಟ್ಟ. ಎತ್ತರ ಸುಮಾರು 1.75 ಮೀಟರ್, ಅಂದರೆ ಆಳೆತ್ತರ. ದೊರೆ ಅವನಿಗೆ ನೈಟ್ ಪದವಿ ಕೊಟ್ಟ. ಯೋವಾನ್ ಬ್ಲೌನ "ಅಟ್ಲಾಸ್ ಮಾಯೋರ್" 1662ರಲ್ಲಿ ಲ್ಯಾಟಿನ್‌ನಲ್ಲಿ 11 ಸಂಪುಟಗಳಾಗಿ ಬಂತು, ಸುಮಾರು 600 ಭೂಪಟ. ಬಣ್ಣ ಹಚ್ಚಿದ ಪ್ರತಿಗೆ 450 ಗಿಲ್ಡರ್, ಸಾಧಾರಣ ಕುಶಲಕರ್ಮಿಯ ಇಡೀ ವರ್ಷದ ದುಡಿಮೆಗೂ ಮೀರಿದ ಹಣ. 1668ರಲ್ಲಿ ಅದರ ಒಂದು ಪ್ರತಿ ಉಸ್ಮಾನಿ ಸುಲ್ತಾನ ನಾಲ್ಕನೇ ಮಹಮ್ಮದನ ಆಸ್ಥಾನ ಸೇರಿತು. ಅಲ್ಲಿ ಅಬೂಬಕರ್ ಅಲ್-ದಿಮಶ್ಕಿ ಎಂಬ ವಿದ್ವಾಂಸ ಅದನ್ನು ಟರ್ಕಿ ಭಾಷೆಗೆ ತಂದ. ಪೀರಂಗಿ ಹೊತ್ತ ಹಡಗು ಮಾತಾಡಲಾಗದ ಕಡೆ ಪುಸ್ತಕ ಮಾತಾಡಿತು.

ಈ ಭೂಪಟಗಳಲ್ಲಿ ನಮ್ಮ ಕನ್ನಡ ಸೀಮೆ ಹೇಗೆ ಕಾಣುತ್ತದೆ?

ಕರಾವಳಿ ಕಿಕ್ಕಿರಿದು, ಒಳನಾಡು ಬರಿದಾಗಿ. ಓನೋರ್ ಅಂದರೆ ಹೊನ್ನಾವರ, ಬಾರ್ಸೆಲೋರ್ ಅಂದರೆ ಬಸರೂರು, ಪಕ್ಕದಲ್ಲಿ ಬಟಿಕಲಾ ಅಂದರೆ ಭಟ್ಕಳ, ಮಂಗಲೋರ್. ಪೋರ್ಚುಗೀಸರ ಬಾಯಲ್ಲಿ ತಿರುಚಿದ ಹೆಸರುಗಳನ್ನು ಡಚ್ಚರು ಹಾಗೇ ಎತ್ತಿಕೊಂಡರು. ಕೆಳದಿ ನಾಯಕರ ಕಾಲದಲ್ಲಿ ಡಚ್ ಕಂಪನಿ ಬಸರೂರಿನಲ್ಲಿ ವ್ಯಾಪಾರಕ್ಕೂ ಇಳಿಯಿತು.

ಘಟ್ಟದ ಮೇಲಕ್ಕೆ ಬಂದರೆ ದೊಡ್ಡಕ್ಷರದಲ್ಲಿ "ನರಸಿಂಗ" ಎಂಬ ಹೆಸರು. ವಿಜಯನಗರವನ್ನು ಪೋರ್ಚುಗೀಸರು ಸಾಳುವ ನರಸಿಂಹನ ಹೆಸರಿನಿಂದ ಹಾಗೆ ಕರೆದಿದ್ದರು. ತಾಳಿಕೋಟೆಯ ಕದನ ನಡೆದದ್ದು 1565ರಲ್ಲಿ. ಹಂಪೆ ಹಾಳಾಗಿ ನಲವತ್ತು ವರ್ಷ ಕಳೆದ ಮೇಲೂ ಆಮ್‌ಸ್ಟರ್‌ಡ್ಯಾಮ್‌ನ ಕೆತ್ತನೆಗಾರ ಆ ಹೆಸರನ್ನು ತಾಮ್ರದಲ್ಲಿ ಕೊರೆಯುತ್ತಲೇ ಇದ್ದ. ಕಂಪ್ಯೂಟರ್ ಪರದೆಯಲ್ಲಿ ಹೊಂಡಿಯಸ್‌ನ ಭೂಪಟವನ್ನು ಹಿಗ್ಗಿಸಿ ಆ ಅಕ್ಷರಗಳ ಮೇಲೆ ಬೆರಳಿಟ್ಟ ದಿನ ನನಗೆ ಮಾತೇ ಹೊರಡಲಿಲ್ಲ.

ಮರ್ಕೇಟರನ ಭೂಪಟ ಉತ್ತರದ ದೇಶಗಳನ್ನು ದೊಡ್ಡದಾಗಿ ತೋರಿಸಲು ಮಾಡಿದ ಮೋಸವೇ?

ಮೋಸವಲ್ಲ. ದಿಕ್ಸೂಚಿ ಹಿಡಿದು ಒಂದೇ ದಿಕ್ಕಿಗೆ ಹೋಗುವ ಹಡಗಿನ ದಾರಿ ಆ ಭೂಪಟದಲ್ಲಿ ನೇರ ಗೆರೆಯಾಗಿ ಬರುತ್ತದೆ, ಅದಕ್ಕಾಗಿ ಧ್ರುವಗಳ ಕಡೆ ಹಿಗ್ಗಿಸಲೇಬೇಕು. ನಾವಿಕರಿಗಾಗಿ ಮಾಡಿದ್ದನ್ನು ಮುಂದೆ ಶಾಲೆಯ ಗೋಡೆಗೆ ತಂದು ಹಾಕಿದ್ದು ತಪ್ಪು. ಆಫ್ರಿಕಾದ ಹದಿನಾಲ್ಕನೇ ಒಂದು ಭಾಗದಷ್ಟಿರುವ ಗ್ರೀನ್‌ಲ್ಯಾಂಡ್ ಅದರ ಸರಿಸಮಕ್ಕೆ ಕಂಡದ್ದು ಹಾಗೆ.

ಇವನ್ನು ಈಗ ಎಲ್ಲಿ ನೋಡಬಹುದು?

ಆಮ್‌ಸ್ಟರ್‌ಡ್ಯಾಮ್‌ನ ನೌಕಾ ವಸ್ತುಸಂಗ್ರಹಾಲಯ, ಲೈಡನ್ ವಿಶ್ವವಿದ್ಯಾಲಯದ ಗ್ರಂಥಾಲಯ, ಹೇಗ್‌ನ ರಾಷ್ಟ್ರೀಯ ಪತ್ರಾಗಾರ. ಕಂಪನಿಯ ಕೈಬರಹದ ಪಟಗಳು ಬಹಳಷ್ಟು ಇರುವುದು ಹೇಗ್‌ನಲ್ಲಿ. ಕ್ಲೆಂಕೆಯ ಆಳೆತ್ತರದ ಅಟ್ಲಾಸ್ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅಷ್ಟು ದೂರ ಹೋಗಲಾಗದವರಿಗೆ ಈ ಸಂಸ್ಥೆಗಳ ಜಾಲತಾಣಗಳಲ್ಲಿ ಎಷ್ಟೋ ಭೂಪಟಗಳು ಬಿಟ್ಟಿಯಾಗಿ ಸಿಗುತ್ತವೆ. ತೆರೆದು, ಪಶ್ಚಿಮ ಕರಾವಳಿಯನ್ನು ಗೋವೆಯಿಂದ ಕೆಳಕ್ಕೆ ಮೆಲ್ಲಗೆ ಹಿಗ್ಗಿಸುತ್ತ ಬನ್ನಿ. ಓನೋರ್ ಸಿಕ್ಕ ಮೇಲೆ ಬಾರ್ಸೆಲೋರ್ ದೂರವಿಲ್ಲ.